ಸಾಧ್ಯತೆಯೇ ನಿಕ್ಷೇಪವಲ್ಲ

ನಮ್ಮ ಮಲೆನಾಡಿನ ಬುಡದಲ್ಲಿರುವ ಗ್ರಾನೈಟ್, ನೈಸ್ ಶಿಲೆಗಳಲ್ಲಿ ತೈಲ ಹುಟ್ಟುವುದಿಲ್ಲ. ಆದರೆ ಇದೇ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಜನಿಸುವ ಭೀಮೆಯು ಕಲಬುರಗಿ, ಯಾದಗಿರಿ ಸೀಮೆಯನ್ನು ತಲುಪುವಲ್ಲಿ ನೆಲದ ಗುಣವೇ ಬೇರೆ. ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ನೆಲೆಗೊಂಡ ಸುಣ್ಣಕಲ್ಲು, ಜೇಡಿಶಿಲೆಗಳು ಅಲ್ಲಿವೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಅಲ್ಲಿಯದೇ. ದೇಶದ 26 ಪದರಶಿಲಾ ದ್ರೋಣಿಗಳ ಸರ್ಕಾರಿ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ ಮೂರನೆಯ ವರ್ಗದಲ್ಲಿದೆ. ಅಂದರೆ ಅಲ್ಲಿ ತೈಲ ದೊರೆತಿಲ್ಲ, ದೊರೆಯಬಹುದೆಂಬ ನಿರೀಕ್ಷೆ ಮಾತ್ರ ಇದೆ.

ಈ ನಿರೀಕ್ಷೆಯನ್ನು ಅಳೆಯಲು ವಿಜ್ಞಾನವು ನಾಲ್ಕು ಪ್ರಶ್ನೆಗಳನ್ನು ಕೇಳುತ್ತದೆ. ಮೂಲಶಿಲೆಯಲ್ಲಿ ಸಾಕಷ್ಟು ಸಾವಯವ ಇಂಗಾಲವಿದೆಯೇ? ಅದು ತೈಲವಾಗುವಷ್ಟು ಬೆಂದಿದೆಯೇ? ತೈಲ ನಿಲ್ಲಲು ರಂಧ್ರಯುಕ್ತ ಶಿಲೆಯಿದೆಯೇ? ಅದು ಸೋರಿಹೋಗದಂತೆ ಮೇಲೆ ಬಿಗಿಯಾದ ಮುಚ್ಚಳವಿದೆಯೇ? ಇವುಗಳಲ್ಲಿ ಒಂದಕ್ಕೆ ‘ಇಲ್ಲ’ವೆಂಬ ಉತ್ತರ ಬಂದರೂ ಉಳಿದ ಮೂರು ವ್ಯರ್ಥ.

ಭೀಮಾ ದ್ರೋಣಿಗೆ ಎರಡನೆಯ ಪ್ರಶ್ನೆಯೇ ಕಠಿಣ. ತೈಲ ಪಕ್ವವಾಗಲು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಭೂಮಿಯೊಳಗೆ ಪ್ರತಿ ಕಿಲೋಮೀಟರಿಗೆ 25–30 ಡಿಗ್ರಿ ಏರುವುದರಿಂದ ಸಾಮಾನ್ಯವಾಗಿ ಎರಡು ಕಿಲೋಮೀಟರಿನಷ್ಟಾದರೂ ಆಳ ಅಗತ್ಯ. ಭೀಮಾ ಶಿಲಾಸಮೂಹದ ದಪ್ಪವಾದರೋ ಸುಮಾರು 300 ಮೀಟರ್. ಹಿಂದೊಮ್ಮೆ ಅದರ ಮೇಲೆ ಇನ್ನಷ್ಟು ಪದರಗಳಿದ್ದು ಸವೆದುಹೋಗಿರಬಹುದು. ಉತ್ತರದ ಭಾಗ ದಖ್ಖನ್ ಲಾವಾದ ಅಡಿಯಲ್ಲಿ ಅಡಗಿಯೂ ಇದೆ. ಆದ್ದರಿಂದ ಪರೀಕ್ಷೆ ಬೇಡವೆನ್ನುವುದು ವಿಜ್ಞಾನವಲ್ಲ; ಪರೀಕ್ಷೆಗೆ ಮುನ್ನವೇ ‘ತೈಲಸಂಪತ್ತು’ ಎನ್ನುವುದೂ ವಿಜ್ಞಾನವಲ್ಲ.

ನಮ್ಮ ಆತಂಕ ಬೇರೆಡೆಯಿದೆ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯವು ತೈಲಾನ್ವೇಷಣೆಗೆ ಸಾರ್ವಜನಿಕ ಅಹವಾಲು ಸಭೆಯ ಅಗತ್ಯವಿಲ್ಲದಂತೆ ಅಧಿಸೂಚನೆಯನ್ನು ತಿದ್ದಿತು. ಅದರ ಮರುತಿಂಗಳೇ ತಮಿಳುನಾಡು ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾಯಿದೆ ಮಾಡಿತು. ಭೀಮೆಯ ದಡದ ರೈತನಿಗೆ ಅಂತಹ ಆಸರೆಯಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಲಬುರಗಿ ತೊಗರಿ ಬೆಳೆಯುವ ನೆಲವದು. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಬಹುಬೇಗ ಹರಿಯುತ್ತದೆ. ಒಂದು ಕೊಳವೆಯ ಕೊಳೆ ಹಲವು ಬಾವಿಗಳನ್ನು ಸೇರಬಲ್ಲುದು.

ಆದುದರಿಂದ ನಮ್ಮ ಒತ್ತಾಯ ಇಷ್ಟೇ: ಕೊರೆಯುವ ಮುನ್ನ ಆ ನಾಲ್ಕು ಪ್ರಶ್ನೆಗಳಿಗೆ ಇರುವ ಉತ್ತರಗಳನ್ನೂ, ಬಾವಿಗಳ ನೀರಿನ ಇಂದಿನ ಪರೀಕ್ಷಾ ವರದಿಯನ್ನೂ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಇಡಬೇಕು. ಕಾನೂನು ಕೇಳದಿದ್ದರೂ ಊರು ಕೇಳಬೇಕು.