ಮಕ್ಕಳಿಗೆ ರಜೆ, ಟಿಕೆಟಿಗೆ ಸುಗ್ಗಿ

ಶಾಲೆಗೆ ರಜೆ ಸಿಕ್ಕ ಕೂಡಲೇ ವಿಮಾನದ ದರ ಏರುತ್ತದೆ. ಒಬ್ಬರೇ ಹೋಗುವವರು ದಿನ ಬದಲಿಸಿಕೊಳ್ಳಬಹುದು. ಶಾಲೆಯ ಮಕ್ಕಳಿರುವ ಮನೆಗೆ ಅದಾಗದು. ಎರಡು ವರ್ಷ ತುಂಬಿದ ಮಗುವಿಗೂ ಹೆಚ್ಚುಕಡಿಮೆ ದೊಡ್ಡವರಷ್ಟೇ ದರ.

ನಮ್ಮ ಕಳಸದವರಿಗೆ ಇನ್ನೂ ಕಷ್ಟ. ಡಿಸೆಂಬರ್ ರಜೆಯಲ್ಲಿ ಕಾಫಿ ಕೊಯ್ಲು, ದಸರಾ ಹೊತ್ತಿಗೆ ಕೈ ಖಾಲಿ. ಕಾಫಿ ಮಾರಿದ ದುಡ್ಡು ಬಂದ ಮೇಲೆ ಉಳಿಯುವುದು ಬೇಸಿಗೆ ರಜೆಯೊಂದೇ. ದೆಹಲಿಯಲ್ಲಿ ಕೆಲಸದಲ್ಲಿರುವ ಅಕ್ಕನ ಮನೆಗೆ ನಾವು ಐದು ಜನ ಹೋಗಬೇಕೆಂದರೆ ದರ ಹುಡುಕುವ ಕೆಲಸ ನನ್ನದು.

ಹುಡುಕಿ ತಿಳಿದದ್ದಿಷ್ಟು: ಅಗ್ಗದ ದರದಲ್ಲಿ ಮೂರೇ ಸೀಟು ಉಳಿದಿರುವಾಗ ಐದನ್ನು ಒಟ್ಟಿಗೆ ಕೇಳಿದರೆ ಐದಕ್ಕೂ ಮೇಲಿನ ದರವೇ ಬೀಳುವುದುಂಟು. ಮೊದಲು ಒಂದು ಸೀಟಿನ ದರ ನೋಡಿ, ಕಡಿಮೆಯಿದ್ದರೆ ಮೂರು, ಎರಡಾಗಿ ಬುಕ್ ಮಾಡಿ. ಚಿಕ್ಕವರ ಟಿಕೆಟಿನಲ್ಲಿ ದೊಡ್ಡವರೊಬ್ಬರು ಇರಲಿ. ಬಜ್ಪೆಯ ಜೊತೆ ಬೆಂಗಳೂರಿನಿಂದ ಹೊರಡುವ ವಿಮಾನಗಳನ್ನೂ ಬಸ್ ಖರ್ಚು ಸೇರಿಸಿ ಹೋಲಿಸಿ. ವಾರದ ನಡುವಿನ ದಿನಗಳನ್ನೂ ನೋಡಿ.

ಆದರೆ ಇಂಥ ಜಾಣತನದಿಂದ ಉಳಿಯುವುದು ಸ್ವಲ್ಪವೇ. 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ ದೇಶದೊಳಗಿನ ವಿಮಾನ ದರಕ್ಕೆ ಕೇಂದ್ರ ಸರ್ಕಾರವೇ ಮಿತಿ ಹಾಕಿತ್ತು. ಕೋವಿಡ್ ಕಾಲದಲ್ಲಿ ಆದದ್ದು ರಜೆಯ ಕೆಲವು ವಾರಗಳಿಗೆ ಏಕೆ ಆಗದು? ಎಲ್ಲರಿಗೂ ಬೇಡ, ಹನ್ನೆರಡು ವರ್ಷದೊಳಗಿನ ಮಕ್ಕಳ ಟಿಕೆಟಿಗಾದರೂ ಮಿತಿ ಇರಲಿ. ರೈಲೇ ಇಲ್ಲದ ಊರಿನವರು ವಿಮಾನದ ಮಾತಾಡುವುದು ಶೋಕಿಗಲ್ಲ. ದೂರದಲ್ಲಿ ದುಡಿಯುವ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಿ ಬರಬೇಕಲ್ಲ!