ಹೊರಗೆ ಕನ್ನಡ ಬೋರ್ಡು, ಒಳಗೆ ಹೆಬ್ಬೆಟ್ಟು

ಗೆಳೆಯರೇ, ಈ ಸಲ ಸ್ವಲ್ಪ ಸಿಟ್ಟಿನಲ್ಲೇ ಬರೀತಿದ್ದೀನಿ. ಹೊಟ್ಟೆಗೆ ಹಾಕ್ಕೊಳ್ಳಿ.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕತೆ ನಿಮಗೆ ಗೊತ್ತಿರುತ್ತೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ನಾವು ಬೀದರಿನವರು ಪ್ರತಿ ನವೆಂಬರಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವ ಕತೆ.

ಈಗ ಅದು ತಿರುಗುಮುರುಗಾಗಿದೆ. ದವಾಖಾನೆಯ ಬೋರ್ಡು ಕನ್ನಡದಲ್ಲಿದೆ. ಒಳಗೆ ರೋಗಿಯ ಮುಂದೆ ಹಿಡಿಯುವ ಸಂಶೋಧನೆಯ ಒಪ್ಪಿಗೆ ಪತ್ರ, ನಾನು ನೋಡಿದ ಮಟ್ಟಿಗೆ, ಒಂದೋ ಇಂಗ್ಲಿಷಿನಲ್ಲಿ, ಇಲ್ಲವೇ ಇಂಗ್ಲಿಷಿಗಿಂತ ಕಠಿಣವಾದ ಕನ್ನಡದಲ್ಲಿ!

ಸಂಶೋಧನೆ ಅಂದ ಕೂಡಲೇ ವಿದೇಶಿ ಕಂಪನಿ, ಕೋಟಿಗಟ್ಟಲೆ ದುಡ್ಡು ಅಂತ ಯೋಚಿಸಬೇಡಿ. ನಾನು ಹೇಳ್ತಿರೋದು ದಿನನಿತ್ಯ ನಡೆಯೋದರ ಬಗ್ಗೆ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರೋದು ಬೆಂಗಳೂರಿನಲ್ಲಿ. ಆದರೆ ರಾಜ್ಯದ ನೂರಾರು ಕಾಲೇಜುಗಳು ಅದರ ಅಡಿಯಲ್ಲಿ ಬರುತ್ತವೆ. 2007ರಲ್ಲಿ ಆರಂಭವಾದ ನಮ್ಮ ಬೀದರಿನ ಬ್ರಿಮ್ಸ್ ಕೂಡ ಅದಕ್ಕೇ ಸೇರಿದ್ದು. ಎಂಡಿ, ಎಂಎಸ್ ಓದುವ ಪ್ರತಿಯೊಬ್ಬ ಡಾಕ್ಟರೂ ಒಂದು ಪ್ರಬಂಧ ಬರೆಯಲೇಬೇಕು. ಬಹಳಷ್ಟು ಪ್ರಬಂಧಗಳಿಗೆ ಐವತ್ತೋ ನೂರೋ ರೋಗಿಗಳು ಬೇಕು. ಅವರು ಎಲ್ಲಿಂದ ಬರ್ತಾರೆ? ಸ್ಪೆಷಲ್ ವಾರ್ಡಿನಿಂದ ಅಲ್ಲ. ಜನರಲ್ ವಾರ್ಡಿನಿಂದ, ಬೆಳಗ್ಗೆ ಆರರ ಬಸ್ಸಿಗೆ ಹೊರಟು ಬಂದು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತವರಿಂದ.

ನಮ್ಮ ಕಾಕಾ ಔರಾದ ತಾಲೂಕಿನ ಒಂದು ಹಳ್ಳಿಯವರು. ಶುಗರ್ ಇತ್ತು, ಕಾಲಿನ ಗಾಯ ಮಾಯಲಿಲ್ಲ. ಜಿಲ್ಲೆಯ ಹೊರಗಿನ ಒಂದು ದೊಡ್ಡ ದವಾಖಾನೆಗೆ ಸೇರಿಸಿದೆವು. ಹೆಸರು ಬೇಡ. ಎರಡು ರಾತ್ರಿ ನಿದ್ದೆಗೆಟ್ಟಂತಿದ್ದ ಹುಡುಗ ಡಾಕ್ಟರ್ ಬಂದು ನಾಲ್ಕು ಹಾಳೆ ಮುಂದಿಟ್ಟ.

"ಕಾಕಾ, ಇಲ್ಲೊಂದು ಸೈ ಮಾಡ್ರಿ."

"ಆಪರೇಷನ್ದೇನ್ರಿ ಸಾಹೇಬ್ರ ಇದು?"

"ಹಾಂ ಹಾಂ, ಎಲ್ಲಾ ಒಂದೇ."

ಕಾಕಾ ಹೆಬ್ಬೆಟ್ಟು ಒತ್ತಿದರು. ಡಿಸ್ಚಾರ್ಜ್ ಆದಮೇಲೆ ಫೈಲು ತಿರುವಿ ಹಾಕಿದಾಗ ಗೊತ್ತಾಯಿತು, ಅದು ಎರಡು ಬಗೆಯ ಡ್ರೆಸ್ಸಿಂಗ್ ಹೋಲಿಸುವ ಅಧ್ಯಯನದ ಒಪ್ಪಿಗೆ ಪತ್ರ. ಆಪರೇಷನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಾಯ ಮಾಯಿತು, ಕೆಟ್ಟದ್ದೇನೂ ಆಗಲಿಲ್ಲ. ನಾನು ವಿಷಯ ಬಿಡಿಸಿ ಹೇಳಿದಾಗ ಕಾಕಾ ಕೇಳಿದ್ದು ಒಂದೇ ಮಾತು: "ಅಂದ್ರ, ಬ್ಯಾಡ ಅನ್ಲಿಕ್ ಬರ್ತಿತ್ತೇನು?"

ಬರ್ತಿತ್ತು ಕಾಕಾ. ಅದೇ ನಿಮ್ಮ ಹಕ್ಕು. ಅದನ್ನೇ ನಿಮಗೆ ಯಾರೂ ಹೇಳಲಿಲ್ಲ.

ಕಾನೂನಿನಲ್ಲಿ ಕೊರತೆ ಇದೆಯೇ? ಇಲ್ಲ. ಹೊಸ ಔಷಧಗಳ ಪ್ರಯೋಗಕ್ಕೆ 2019ರ ನಿಯಮಗಳಿವೆ. ಉಳಿದ ಸಂಶೋಧನೆಗೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಎರಡೂ ಹೇಳೋದು ಇದನ್ನೇ: ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಓದು ಬಾರದವರ ಜೊತೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು, ಯಾವಾಗ ಬೇಕಾದರೂ ಹೊರಬರಬಹುದು, ಬೇಡ ಅಂದರೆ ಚಿಕಿತ್ಸೆ ನಿಲ್ಲಬಾರದು. ನೈತಿಕ ಸಮಿತಿಯಲ್ಲಿ ಅರ್ಧದಷ್ಟಾದರೂ ಹೊರಗಿನವರಿರಬೇಕು. ಅವರಲ್ಲಿ ಡಾಕ್ಟರಲ್ಲದ, ವಕೀಲನಲ್ಲದ ಒಬ್ಬ ಸಾಮಾನ್ಯ ಮನುಷ್ಯನೂ ಇರಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ನೆರೆಯ ತೆಲುಗು ನಾಡಿನಲ್ಲೇ ಉದಾಹರಣೆ ಇದೆ. 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಅದನ್ನು ಪ್ರಯೋಗ ಅನ್ನಲಿಲ್ಲ, "ಪ್ರಾತ್ಯಕ್ಷಿಕೆ ಯೋಜನೆ" ಅಂದರು. 2010ರಲ್ಲಿ ನಿಲ್ಲಿಸಬೇಕಾಯಿತು. 2013ರ ಸಂಸದೀಯ ಸಮಿತಿಯ ವರದಿಯಲ್ಲಿ ಲೆಕ್ಕ ಇದೆ: ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲ್ ವಾರ್ಡನ್ನುಗಳ ಸಹಿ. ತಂದೆತಾಯಿ ಊರಿನಲ್ಲಿ, ಮಗಳು ಹಾಸ್ಟೆಲಿನಲ್ಲಿ, ಒಪ್ಪಿಗೆ ವಾರ್ಡನ್ನಿನದು!

ನೆನಪಿಡಿ, ಲಸಿಕೆ ಕೆಟ್ಟದ್ದಲ್ಲ. ಆ ಹುಡುಗಿಯರಲ್ಲಿ ಕೆಲವರು ತೀರಿಕೊಂಡದ್ದಕ್ಕೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತಲೇ ತನಿಖೆ ಹೇಳಿತು. ಆದರೆ ಕೇಳದೇ ಮಾಡಿದ್ದರಿಂದ ಒಳ್ಳೆಯ ಲಸಿಕೆಯ ಮೇಲೂ ಜನರ ನಂಬಿಕೆ ಹೋಯಿತು.

ಇಲ್ಲಿ ಕೆಲವರು ಹಾರಿ ಬರ್ತಾರೆ, "ನಮ್ಮ ಜನರನ್ನು ಇಲಿಗಳನ್ನಾಗಿ ಮಾಡ್ತಿದ್ದಾರೆ, ಎಲ್ಲ ಪ್ರಯೋಗ ನಿಲ್ಲಿಸಿ" ಅಂತ. ನಾನು ಆ ಗುಂಪಿನವನಲ್ಲ. ಬೆಳಗಾವಿಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಗರ್ಭಿಣಿಯರ ಮೇಲೆ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗ ನಡೆಯಿತು. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರಲ್ಲ, ಹಳ್ಳಿಯ ನರ್ಸಮ್ಮಂದಿರು. ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ನೂರರಲ್ಲಿ 12 ಜನರಿಂದ ಆರು ಚಿಲ್ಲರೆಗೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೂ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕನ್ನಡ ನೆಲದ ಹೆಣ್ಣುಮಕ್ಕಳು ಜಗತ್ತಿನ ತಾಯಂದಿರಿಗೆ ಕೊಟ್ಟ ಕೊಡುಗೆ ಅದು. ನಮ್ಮ ಎಷ್ಟು ಪಠ್ಯಪುಸ್ತಕಗಳಲ್ಲಿ ಅವರ ಪ್ರಸ್ತಾಪ ಇದೆ ಹೇಳಿ?

ಹಾಗಾಗಿ ನನ್ನ ಜಗಳ ಸಂಶೋಧನೆಯ ಜೊತೆ ಅಲ್ಲ, "ಹಳ್ಳಿ ಜನಕ್ಕೆ ಇದೆಲ್ಲ ಅರ್ಥ ಆಗೋಲ್ಲ" ಅನ್ನುವ ಮಾತಿನ ಜೊತೆ.

ಅರ್ಥ ಆಗೋ ಹಾಗೆ ಹೇಳಿದ್ದೀರಾ? ನಾನು ಓದಿದ ಒಂದು ಕನ್ನಡ ಒಪ್ಪಿಗೆ ಪತ್ರದಲ್ಲಿ "ಯಾದೃಚ್ಛಿಕೀಕರಣ" ಅಂತಿತ್ತು. ಎಂಎ ಕನ್ನಡ ಮಾಡಿದವರೂ ಎರಡು ಸಲ ಉಸಿರು ತಗೋಬೇಕು. ಅದನ್ನೇ ನಮ್ಮ ಕಡೆ ಮಾತಿನಲ್ಲಿ ಹೇಳಿ ನೋಡಿ:

"ಎರಡು ಥರದ ಗುಳಿಗಿ ಅವ. ನಿಮಗ ಯಾವುದು ಬರ್ತದ ಅನ್ನೋದು ಚೀಟಿ ಎತ್ತಿದಂಗ. ಒಂದರಾಗ ಔಷಧ ಇರಲ್ಲ. ಯಾವುದು ಅಂತ ನನಗೂ ಗೊತ್ತಿರಲ್ಲ. ಬ್ಯಾಡ ಅಂದ್ರ ಬ್ಯಾಡ, ನಿಮ್ಮ ಇಲಾಜು ನಿಲ್ಲಂಗಿಲ್ಲ. ನಡಕ ಬಿಡ್ಬೇಕನಿಸಿದ್ರೂ ಬಿಡ್ರಿ. ಇದರಿಂದ ತ್ರಾಸ ಆದ್ರ ಖರ್ಚು ನಿಮ್ದಲ್ಲ, ನಮ್ದು."

ಇದರಲ್ಲಿ ಯಾವುದು ಅರ್ಥ ಆಗೋಲ್ಲ? ಹತ್ತಿ ಬೀಜ, ಗೊಬ್ಬರ, ಸಾಲದ ಬಡ್ಡಿ, ಬೆಳೆವಿಮೆ ಎಲ್ಲದರ ಲೆಕ್ಕ ಬಾಯಲ್ಲೇ ಹಾಕುವ ಮನುಷ್ಯನಿಗೆ ಚೀಟಿ ಎತ್ತೋದು ಅರ್ಥ ಆಗೋಲ್ವೇ?

ಇನ್ನೊಂದು ಮಾತು, ಕನ್ನಡಾಭಿಮಾನಿಗಳಿಗೆ ಸ್ವಲ್ಪ ಕಹಿ. ಹಳೆಯ ಬೀದರ್ ಜಿಲ್ಲೆ 1956ರಲ್ಲಿ ಮೂರು ಭಾಗವಾಯಿತು. ಉದಗೀರ್ ಕಡೆಯದು ಮುಂಬಯಿಗೆ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ, ನಾವು ಮೈಸೂರಿಗೆ. ಗೆರೆ ಎಳೆದರೆ ನಾಲಿಗೆ ಬದಲಾಗುತ್ತಾ? ಔರಾದದ ಎಷ್ಟೋ ಮನೆಗಳಲ್ಲಿ ಮರಾಠಿ, ಬೀದರ್ ಓಣಿಗಳಲ್ಲಿ ಉರ್ದು. ಆ ಅಜ್ಜಿಗೆ ಕನ್ನಡದ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಕನ್ನಡ ಸೇವೆ ಅಲ್ಲ, ಅದೂ ಮೋಸವೇ. ಪಟ್ಟದ್ದೇವರು ಹೋರಾಡಿದ್ದು ಮನೆಮಾತಿನಲ್ಲಿ ತಿಳಿಯುವ ಹಕ್ಕಿಗಾಗಿ. ಆ ಹಕ್ಕು ನಮಗೆ ಮಾತ್ರ ಅಂತ ಅವರು ಎಲ್ಲೂ ಬರೆದಿಟ್ಟಿಲ್ಲ.

ಟೈಮ್ ಇಲ್ಲ ಅಂತಾರೆ ಕಿರಿಯ ಡಾಕ್ಟರುಗಳು. ನಿಜ, ಅವರನ್ನು ಎತ್ತಿನ ಹಾಗೆ ದುಡಿಸ್ತಾರೆ. ಅದಕ್ಕೇ ನಾನು ಬೊಟ್ಟು ಮಾಡೋದು ಅವರ ಕಡೆ ಅಲ್ಲ, ವಿಶ್ವವಿದ್ಯಾಲಯದ ಕಡೆ. ಪ್ರಬಂಧ ಕಡ್ಡಾಯ ಮಾಡುವವರಿಗೆ ಈ ಮೂರನ್ನು ಕಡ್ಡಾಯ ಮಾಡೋದು ಕಷ್ಟವೇ?

1. ಒಪ್ಪಿಗೆ ಪತ್ರದ ಜೊತೆ ಐದು ನಿಮಿಷದ ಧ್ವನಿಮುದ್ರಣ, ಆ ಊರಿನ ಮಾತುಗಳಲ್ಲಿ. ಮೊಬೈಲ್ ಎಲ್ಲರ ಕೈಯಲ್ಲಿದೆ.

2. ನೈತಿಕ ಸಮಿತಿಯ "ಸಾಮಾನ್ಯ ಸದಸ್ಯ" ನಿಜಕ್ಕೂ ಸಾಮಾನ್ಯ ಆಗಿರಲಿ. ನಿವೃತ್ತ ಅಧಿಕಾರಿ ಬೇಡ. ಹಳ್ಳಿಯ ಆಶಾ ಕಾರ್ಯಕರ್ತೆ ಓದಿ, ತಿಳೀತು ಅಂದಮೇಲೆ ಪತ್ರ ಮುಂದೆ ಹೋಗಲಿ.

3. ಪ್ರಬಂಧ ಮುಗಿದಮೇಲೆ ಒಂದು ಪುಟದ ಕನ್ನಡ ಸಾರಾಂಶ, ಅದೇ ವಾರ್ಡಿನ ಗೋಡೆ ಮೇಲೆ. ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಯಬೇಡವೇ?

ನಿಮಗೊಂದು ಕೆಲಸ. 2007ರಿಂದ ಭಾರತದ ಪ್ರಯೋಗಗಳ ನೋಂದಣಿ ಪಟ್ಟಿ ಅಂತರ್ಜಾಲದಲ್ಲಿದೆ, ಸಿಟಿಆರ್‌ಐ ಅಂತ. ನಿಮ್ಮ ಜಿಲ್ಲೆಯ ಹೆಸರು ಕೊಟ್ಟು ಹುಡುಕಿ. ಜನಸಾಮಾನ್ಯರಿಗಾಗಿ ಅಂತಲೇ ಅಲ್ಲೊಂದು ಶೀರ್ಷಿಕೆ ಇರುತ್ತೆ, ಅದೂ ಇಂಗ್ಲಿಷಿನಲ್ಲಿ. ಸಿನಿಮಾ ವಿಮರ್ಶೆ, ಪ್ರವಾಸಕಥನ ಎಲ್ಲ ಬರೀತೀವಿ. ನಿಮ್ಮೂರಿನ ಒಂದೇ ಒಂದು ಅಧ್ಯಯನ ಏನು, ಯಾಕೆ, ಯಾರ ಮೇಲೆ ಅಂತ ನಿಮ್ಮೂರ ಮಾತಿನಲ್ಲಿ ಬರೆಯಿರಿ. ಔರಾದದ್ದು ನಾನು ಬರೀತೀನಿ.

ಏನಂತೀರಿ?