ಶಿವಾಜಿನಗರ ಎನ್ನಲು ಸಂಕೋಚವೇಕೆ?

"ನಿಮ್ಮ ಮನೆ ಎಲ್ಲಿ?" ಎಂದು ಕೇಳಿದರೆ ನಮ್ಮ ತರಗತಿಯಲ್ಲಿ ಕೆಲವರು "ಕಮರ್ಷಿಯಲ್ ಸ್ಟ್ರೀಟ್ ಹತ್ತಿರ" ಎನ್ನುತ್ತಾರೆ. ಇನ್ನು ಕೆಲವರು "ಕಂಟೋನ್ಮೆಂಟ್ ಕಡೆ" ಎನ್ನುತ್ತಾರೆ. ಶಿವಾಜಿನಗರ ಎಂದು ನೇರವಾಗಿ ಹೇಳುವವರು ಕಡಿಮೆ. ಹೇಳಿದರೆ "ಅಯ್ಯೋ, ಆ ಏರಿಯಾನಾ?" ಎಂದು ಎದುರಿನವರು ಹುಬ್ಬೇರಿಸುತ್ತಾರೆ ಎಂಬ ಅಳುಕು. ಈ ಅಳುಕು ನಮಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ನಾನು ಬೇರೆ ಜಿಲ್ಲೆಯಿಂದ ಬಂದು ಹಾಸ್ಟೆಲ್‌ನಲ್ಲಿರುವವಳು. ಕಳೆದ ತಿಂಗಳು ರಜೆಯ ಒಂದು ದಿನ, ಶಿವಾಜಿನಗರದಲ್ಲೇ ಹುಟ್ಟಿ ಬೆಳೆದ ಗೆಳತಿಯ ಜೊತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಸುತ್ತಾಡಿದೆ. ಮೊದಲು ಹೋದದ್ದು ರಸೆಲ್ ಮಾರ್ಕೆಟ್‌ಗೆ. ರಾಶಿ ಹಾಕಿದ ಸೇವಂತಿಗೆ, ಕನಕಾಂಬರ, ದಾಳಿಂಬೆ, ತರಾವರಿ ಖರ್ಜೂರ! ನನ್ನ ಗೆಳತಿ ಹೂ ಮಾರುವ ಅಜ್ಜಿಯೊಂದಿಗೆ ತಮಿಳಿನಲ್ಲಿ ಚೌಕಾಸಿ ಮಾಡಿದಳು, ಹಣ್ಣಿನಂಗಡಿಯ ಚಾಚಾ ಜೊತೆ ದಖನಿಯಲ್ಲಿ ನಕ್ಕಳು, ನನಗೆ ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿದಳು. ಮೂರು ಭಾಷೆಗಳನ್ನು ಅವಳಿಗೆ ಯಾವ ಪಠ್ಯಪುಸ್ತಕವೂ ಕಲಿಸಿಲ್ಲ, ಈ ಬೀದಿ ಕಲಿಸಿದೆ.

ಬ್ರಿಟಿಷರ ಕಾಲದಲ್ಲಿ, 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಯನ್ನು 1933ರಲ್ಲಿ ಉದ್ಘಾಟಿಸಿದವರು ವ್ಯಾಪಾರಿ ಮತ್ತು ದಾನಿ ಇಸ್ಮಾಯಿಲ್ ಸೇಠ್. ಇಲ್ಲಿನ ಘೋಷಾ ಆಸ್ಪತ್ರೆಗೂ ಅವರದೇ ಹೆಸರು. 2012ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋದವು. ಆದರೂ ವ್ಯಾಪಾರ ನಿಲ್ಲಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಸಂತ ಮೇರಿ ಬೆಸಿಲಿಕಾ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಕೇಸರಿ ಬಟ್ಟೆ ಉಟ್ಟ ಭಕ್ತರಿಂದ ಈ ಬೀದಿಗಳು ತುಂಬಿಹೋಗುತ್ತವೆ. ಹತ್ತಿರದ ಮಸೀದಿಯಿಂದ ಅಜಾನ್ ಕೇಳುತ್ತದೆ. ಇದನ್ನು ಯಾರೂ ಅಲ್ಲಿ ದೊಡ್ಡ ವಿಷಯವೆಂದು ಮಾತಾಡುವುದಿಲ್ಲ. ಅದು ಅವರ ದಿನನಿತ್ಯ.

ಮಧ್ಯಾಹ್ನ ಗುಜರಿ ಬೀದಿಗೆ ಹೋದೆವು. ಹಳೆಯ ಕಾರುಗಳನ್ನು ಬಿಚ್ಚಿ ಬಾಗಿಲು, ದೀಪ, ಬಂಪರ್‌ಗಳನ್ನು ಬೇರ್ಪಡಿಸುವ ಕೆಲಸ. ನಮಗಿಂತ ಸ್ವಲ್ಪ ದೊಡ್ಡ ಹುಡುಗನೊಬ್ಬ ಒಂದು ಹೆಡ್‌ಲೈಟ್ ಕೈಗೆತ್ತಿಕೊಂಡು ಅದು ಯಾವ ಕಾರಿನದು, ಯಾವ ಮಾಡೆಲ್‌ನದು, ಎಷ್ಟಕ್ಕೆ ಹೋಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರವಂತೆ. ಮುಂದೆ ಓದಲು ಮನೆಯಲ್ಲಿ ಅನುಕೂಲವಿರಲಿಲ್ಲ ಎಂದ. ಕಾಲೇಜಿಗೆ ಬರುವ ಅವಕಾಶ ಸಿಕ್ಕ ನಾವು ಅವನ ಬೀದಿಯ ಹೆಸರು ಹೇಳಲು ನಾಚುವುದೆಂದರೇನು?

ಶಿವಾಜಿನಗರದಲ್ಲಿ ಕಸವಿಲ್ಲವೇ, ಟ್ರಾಫಿಕ್ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಮೂಲೆಯಲ್ಲಿ ಕಸದ ರಾಶಿ, ಕಾಲಿಡಲೂ ಜಾಗವಿಲ್ಲದ ಫುಟ್‌ಪಾತ್ ಎರಡನ್ನೂ ನೋಡಿದೆ. ಆದರೆ ಕಸ ಸಮಯಕ್ಕೆ ಎತ್ತದಿದ್ದರೆ ಅದು ವ್ಯವಸ್ಥೆಯ ಲೋಪ. ಅಲ್ಲಿ ಬೆವರು ಸುರಿಸಿ ದುಡಿಯುವ ಜನರ ಗುಣವನ್ನು ಅದರಿಂದ ಅಳೆಯುವುದು ಅನ್ಯಾಯ. ಊರಿನ ಹೆಸರು ಬಚ್ಚಿಟ್ಟರೆ ಕಸ ಕಡಿಮೆಯಾಗುವುದಿಲ್ಲ. ಇದು ನಮ್ಮ ಏರಿಯಾ ಎಂದು ಹೇಳುವವರಿಗೆ ಮಾತ್ರ ಅದನ್ನು ಸರಿಪಡಿಸಿ ಎಂದು ಕೇಳುವ ಧೈರ್ಯ ಬರುತ್ತದೆ.

ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಪ್ರವಾಸಕ್ಕೆ ಊಟಿ, ಮೈಸೂರು ಇರಲಿ, ಜೊತೆಗೆ ಒಂದು ದಿನ ಶಿವಾಜಿನಗರವೂ ಇರಲಿ. ವಾಣಿಜ್ಯ ವಿದ್ಯಾರ್ಥಿಗಳು ಹಣ್ಣಿನ ಸಗಟು ಮತ್ತು ಚಿಲ್ಲರೆ ದರಗಳನ್ನು ಬರೆದುಕೊಳ್ಳಲಿ, ಕಲಾ ವಿಭಾಗದವರು ಹಿರಿಯ ವ್ಯಾಪಾರಿಗಳ ನೆನಪುಗಳನ್ನು ಕೇಳಿ ದಾಖಲಿಸಲಿ. ದಾರಿ ತೋರಿಸುವ ಜವಾಬ್ದಾರಿಯನ್ನು ಅಲ್ಲಿಯೇ ವಾಸಿಸುವ ನಮ್ಮ ಸಹಪಾಠಿಗಳಿಗೆ ಕೊಡಿ. ಅವರು ಎಲ್ಲರ ಮುಂದೆ ನಿಂತು "ಬನ್ನಿ, ಇದು ನಮ್ಮ ಶಿವಾಜಿನಗರ" ಎನ್ನಲಿ.